ಮಂದ್ರವೀಣೆಯ ಐದನೆಯವಳು

"ಕೇಳ್ರಪ್ಪೋ ಕೇಳ್ರಿ, ಕಿವಿ ಇದ್ದವರು ಕೇಳ್ರಿ, ತಲೆ ಇದ್ದವರು ಯೋಚಿಸಿ ಬರ್ರಿ. ತೀರಿಹೋದ ರಾಣಿಯವರ ಐದು ತಂತಿಯ ಮಂದ್ರವೀಣೆ ಮೂಕವಾಗಿದೆ. ರಾಜಕುಮಾರಿ ಚಂದಲೆ ಕೇಳುವ ಮೂರು ಒಗಟು ಬಿಡಿಸಿ ಅದಕ್ಕೆ ತಂತಿ ಕಟ್ಟಿದವನು ಬೇಡಿದ್ದು ಪಡೆಯುತ್ತಾನೆ. ತಪ್ಪಿದವನ ತಲೆ ಹುಣ್ಣಿಮೆಗೆ ಹಾರುತ್ತದೆ. ಇದು ದೊರೆ ವೀರಮಲ್ಲರ ಅಪ್ಪಣೆ."

ಕರಡಿಹಾಳದ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ವೀಣೆಗೆ ತಂತಿ ಕಟ್ಟುವುದಕ್ಕೆ ತಲೆ ತೆಗೆಯುವುದೇ ಎಂದು ನೀವು ಕೇಳಬಹುದು. ಊರಿನವರೂ ಕೇಳಿದರು, ಆದರೆ ದೊರೆಗೆ ಕೇಳಿಸದಷ್ಟು ಮೆಲ್ಲಗೆ. ಹಿಂದೆ ಯಾವನೋ ಅರೆಬರೆ ಕಲಿತವನು ಕಂಡಕಂಡ ತಂತಿ ಬಿಗಿದು ವೀಣೆಯ ದಂಡಿಯನ್ನೇ ಬಗ್ಗಿಸಿಬಿಟ್ಟಿದ್ದ. ಹೆಂಡತಿಯ ಬೆನ್ನನ್ನೇ ಮುರಿದ ಹಾಗಾಯಿತು ದೊರೆಗೆ. ಅಂದಿನಿಂದ ಈ ಅಪ್ಪಣೆ.

ಚಂದಲೆಯ ಸಂಕಟ ಬೇರೆ. ತಾಯಿ ತೀರಿಕೊಂಡಾಗ ಅವಳಿಗೆ ಐದು ವರ್ಷ. ತಾಯಿ ಆ ವೀಣೆ ನುಡಿಸುತ್ತಾ ಹಾಡುತ್ತಿದ್ದ ಜೋಗುಳ ಈಗ ಒಂದೊಂದೇ ಸಾಲಾಗಿ ಮರೆತುಹೋಗುತ್ತಿತ್ತು. ಆ ದನಿ ಮತ್ತೆ ಕೇಳಿದರೆ ಹಾಡು ಹಿಂದಿರುಗೀತು ಎಂಬ ಒಂದೇ ಆಸೆ ಅವಳದು. ತಂತಿ ಕಟ್ಟುವ ಗುಟ್ಟನ್ನು ತಾಯಿ ಮೂರು ಒಗಟು ಮಾಡಿ ಓಲೆಯಲ್ಲಿ ಬರೆದಿಟ್ಟಿದ್ದಳು. ಉತ್ತರ ಮಾತ್ರ ಬರೆದಿರಲಿಲ್ಲ.

ಮೊದಲು ಬಂದವನು ಪಕ್ಕದ ರಾಜ್ಯದ ಯುವರಾಜ. ಚಂದಲೆ ಓಲೆ ನೋಡಿ ಕೇಳಿದಳು, "ಐವರು ಅಕ್ಕತಂಗಿಯರು ಒಂದೇ ತೇರು ಎಳೆಯುತ್ತಾರೆ. ಒಬ್ಬಳು ಹೆಚ್ಚು ಎಳೆಯಬಾರದು, ಒಬ್ಬಳು ಕಡಿಮೆ ಎಳೆಯಬಾರದು. ಇವರಿಗೆ ಊಟ ಹೇಗೆ ಬಡಿಸಲಿ?"

"ಐವರಿಗೂ ಸಮ ಬಡಿಸಬೇಕು," ಎಂದು ಯುವರಾಜ ಒಂದೇ ಗಾತ್ರದ ಐದು ಚಿನ್ನದ ತಂತಿ ಕಟ್ಟಿಸಿದ. ಮೊದಲನೆಯದು ಕಿರುಚಿತು. ಐದನೆಯದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದ ಪಂಡಿತ ಮೊದಲನೆಯದನ್ನು ಸರಿಯಾಗಿ ಬಿಡಿಸಿದ. ದನಿ ತಗ್ಗಿದಷ್ಟೂ ತಂತಿ ದಪ್ಪ ಬೇಕು ಎಂದ. ಚಂದಲೆ ಎರಡನೆಯದು ಕೇಳಿದಳು, "ಒಂದೇ ತಾಯಿಯ ಮಕ್ಕಳು ಜಗಳವಾಡುವ, ಬೇರೆ ಬೇರೆ ತಾಯಂದಿರ ಮಕ್ಕಳು ಕೂಡಿ ಬಾಳುವ ಮನೆ ಯಾವುದು?"

ಪಂಡಿತ ಮೂರು ದಿನ ಗ್ರಂಥ ತಿರುವಿಹಾಕಿದ. "ಇಂಥ ಮನೆ ಮೂರು ಲೋಕದಲ್ಲೂ ಇಲ್ಲ. ಆದ್ದರಿಂದ ಉತ್ತರ ಶೂನ್ಯ," ಎಂದ. ಅವನೂ ಸೆರೆಮನೆ ಸೇರಿದ. ಪಾಪ, ಓದಿದ್ದೇ ಹೆಚ್ಚಾಯಿತು.

ಹುಣ್ಣಿಮೆಗೆ ಎರಡು ದಿನ ಇರುವಾಗ ದಾವಲ ಬಂದ. ಮನೆಮನೆಗೆ ಹೋಗಿ ಹತ್ತಿ ಹಿಂಜುವ ಪಿಂಜಾರ ಅವನು. ಹೆಗಲ ಮೇಲೆ ಹಿಂಜುವ ಬಿಲ್ಲು, ತಲೆತುಂಬ ಹತ್ತಿಯ ಎಳೆ. ಅವನ ಎಳೆಯ ಮುಖ ನೋಡಿ ಚಂದಲೆ ಓಲೆಯನ್ನು ಪಕ್ಕಕ್ಕಿಟ್ಟಳು.

"ಮನೆಗೆ ಹೋಗಪ್ಪ," ಎಂದಳು. "ನನ್ನ ಹಾಡಿಗಾಗಿ ಇನ್ನೊಂದು ಜೀವ ಹೋಗುವುದು ಬೇಡ."

"ನಮ್ಮವ್ವನೂ ಹೋಗ್ಯಾಳ್ರೀ ದೊರಸಾನಿ," ಎಂದ ದಾವಲ. "ಆಕಿ ದನಿ ನನಗ ಇನ್ನೂ ನೆನಪೈತಿ. ನಿಮಗ ಮರಿಯಾಕ ಹತ್ತೈತಿ ಅಂತ ಕೇಳಿ ಸುಮ್ನ ಕುಂದ್ರಾಕ ಆಗಲಿಲ್ಲ. ಕೇಳ್ರಿ."

ಅವಳು ಮೊದಲನೆಯ ಒಗಟು ಕೇಳಿದಳು.

"ಹೊಟ್ಟಿ ನೋಡಿ ಬಡಸಬೇಕ್ರಿ. ದೊಡ್ಡ ದನಿಯಾಕಿಗೆ ದಪ್ಪ ತಂತಿ, ಸಣ್ಣ ದನಿಯಾಕಿಗೆ ಸಣ್ಣದು. ಬೆರಳಿಟ್ಟು ಒತ್ತಿದ್ರ ಐದೂ ಒಂದ ಬಿಗಿ ಇರಬೇಕು. ಅದ ಸಮ ಪಾಲು."

ಎರಡನೆಯದು ಕೇಳಿದಳು.

"ಈ ವೀಣೀನ ರೀ ಆ ಮನಿ. ಒಂದ ಲೋಹದ ಐದೂ ತಂತಿ ಹಾಕಿದ್ರ ಸಣ್ಣವು ಕಿರಚತಾವ, ದಪ್ಪವು ಗೊಣಗತಾವ. ಸಣ್ಣವು ಎರಡು ಉಕ್ಕಿನವು, ನಡುವಿನವು ಎರಡು ಹಿತ್ತಾಳಿವು ಹಾಕ್ರಿ, ಕೂಡಿ ಬಾಳತಾವ. ನಮ್ಮವ್ವ ಕೌದಿ ಹೊಲೀವಾಗ ಹತ್ತು ಮನಿ ಸೀರಿ ಕೂಡಸತಿದ್ಲು. ಅದ ಗಟ್ಟಿ ಬರತಿತ್ತು."

ನಾಲ್ಕು ತಂತಿ ಕಟ್ಟಿದರು. ನಾಲ್ಕೂ ಹೊಂದಿಕೊಂಡು ನುಡಿದವು. ದೊರೆ ಸಿಂಹಾಸನದ ಅಂಚಿಗೆ ಸರಿದು ಕೂತ. ಚಂದಲೆ ತಾಯಿಯ ಮೂರನೆಯ ಒಗಟು ಓದಿದಳು.

"ನನ್ನ ಐದನೆಯವಳು ಅರಮನೆಯಲ್ಲಿ ಹುಟ್ಟಿದವಳಲ್ಲ. ಮೋಡ ಹೊಡೆದು ಹೊಟ್ಟೆ ಹೊರೆದವಳು. ಎಷ್ಟು ಹೊಡೆದರೂ ಹನಿ ಉದುರಲಿಲ್ಲ. ನಿನ್ನನ್ನು ಮಲಗಿಸುವ ಮೊದಲು ಊರಿಗೆಲ್ಲ ಹಾಸಿಗೆ ಕೊಟ್ಟವಳು. ಯಾರವಳು?"

ದಾವಲ ಹೆಗಲ ಮೇಲಿನ ಬಿಲ್ಲು ಕೆಳಗಿಳಿಸಿದ. ದೊರೆಗೇ ತಡೆಯಲಾಗಲಿಲ್ಲ. "ಇಂದ್ರನ ಬಿಲ್ಲು ಇರಬಹುದೇನೋ, ನೋಡು ಹುಡುಗಾ," ಎಂದ.

"ಬಿಲ್ಲು ಖರೆ ರೀ ದೊರಿ," ಎಂದ ದಾವಲ. "ಆದ್ರ ಇಂದ್ರಂದಲ್ಲ, ನಂದು. ಹತ್ತೀನ ರೀ ಮೋಡ. ನನ್ನ ಬಿಲ್ಲಿನ ನರಾನ ಆ ಐದನೇದಾಕಿ."

ಹಿಂಜುವ ಬಿಲ್ಲಿಗೆ ಕಟ್ಟುವ, ಪ್ರಾಣಿಯ ಕರುಳು ಹೊಸೆದು ಮಾಡಿದ ದಪ್ಪ ತಂತಿಗೆ ಪಿಂಜಾರರು ನರ ಎನ್ನುತ್ತಾರೆ. ದಾವಲ ತನ್ನ ಬಿಲ್ಲಿನ ನರ ಬಿಚ್ಚತೊಡಗಿದ. ಅದಿಲ್ಲದೆ ನಾಳೆ ಅವನ ಒಲೆ ಉರಿಯುವಂತಿರಲಿಲ್ಲ. ದನಿ ಕೂಡದಿದ್ದರೆ ಉರಿಸುವವನೂ ಇರುವುದಿಲ್ಲ.

"ಹೊಸದು ತರಿಸೋಣವೇ?" ಎಂದು ಚಂದಲೆ ಕೇಳಿದಳು.

"ಹೊಸಾದು ಒದರತದ್ರಿ. ವರ್ಷಗಟ್ಟಲೆ ಹತ್ತಿ ತಿಕ್ಕಿ ಪಳಗಿದ್ದ ಮೆತ್ತಗ ಮಾತಾಡತದ."

ಐದನೆಯದನ್ನು ಕಟ್ಟಿ, ಮೆಲ್ಲಗೆ ಬಿಗಿದು, ಅವನು ಒಮ್ಮೆ ಮೀಟಿದ. ಘುಂ ಎಂದಿತು. ನೆಲ ಮೊದಲು ಕೇಳಿಸಿಕೊಂಡಿತೇನೋ, ಆಮೇಲೆ ಕಿವಿ. ಚಂದಲೆ ಓಡಿಬಂದು ವೀಣೆಯ ಬುರುಡೆಗೆ ಕೆನ್ನೆ ಒತ್ತಿ ಕೂತಳು. ಅವನು ಮೀಟುತ್ತಲೇ ಇದ್ದ. ಅವಳ ತುಟಿಯಲ್ಲಿ ಜೋಗುಳದ ಮೊದಲ ಸಾಲು ಬಂತು, ಎರಡನೆಯದು ಬಂತು, ಮರೆತೇಹೋಗಿದ್ದ ಕೊನೆಯ ಸಾಲೂ ಬಂತು. ಅವಳು ಅಳುತ್ತಾ ಹಾಡಿ ಮುಗಿಸಿದಳು.

ದೊರೆ ಮುಖ ಮುಚ್ಚಿಕೊಂಡಿದ್ದ. "ಮಗಳೇ, ನೀನು ಹುಟ್ಟಿದ ವರ್ಷ ಹಾಸಿಗೆ ಹಿಂಜಲು ಒಬ್ಬ ಪಿಂಜಾರ ಬಂದಿದ್ದ. ನಿನ್ನ ತಾಯಿ ಇಡೀ ದಿನ ಅಂಗಳದಲ್ಲೇ ಕೂತಿದ್ದಳು. ಯಾಕೆ ಅಂತ ನಾನು ಕೇಳಲೇ ಇಲ್ಲ," ಎಂದ. ಆಮೇಲೆ ದಾವಲನ ಕಡೆ ತಿರುಗಿದ. "ಏನು ಬೇಕೋ ಕೇಳಪ್ಪ."

"ಒಳಗಿರೋ ಇಬ್ಬರ್ನೂ ಮನಿಗೆ ಕಳಸ್ರಿ. ಅವರಿಗೂ ಅವ್ವ ಇರತಾಳ."

"ಆಯಿತು. ಆ ಅಪ್ಪಣೆಯನ್ನೂ ಇಂದೇ ಅಳಿಸುತ್ತೇನೆ. ನಿನಗೆ?"

"ನನ್ನ ಬಿಲ್ಲಿಗೊಂದು ನರ."

ಚಂದಲೆ ಕಣ್ಣೊರೆಸಿಕೊಂಡು ಕೇಳಿದಳು, "ಹೊಸ ನರ ಪಳಗಲು ಎಷ್ಟು ಕಾಲ ಬೇಕು?"

"ಹನ್ನೆರಡು ವರ್ಷರೀ ದೊರಸಾನಿ."

"ಹಾಗಾದರೆ ಇಲ್ಲೇ ಇದ್ದು ಪಳಗಿಸು," ಎಂದಳು ಚಂದಲೆ. ದಾವಲನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ದೊರೆಗೆ ಕೂಡಲೇ ಅರ್ಥವಾಯಿತು, ಮದುವೆಗೆ ಚಪ್ಪರ ಹಾಕಿಸಿದ.

ಹನ್ನೆರಡು ವರ್ಷಕ್ಕೆ ನರ ಪಳಗಿತು. ಅಷ್ಟರಲ್ಲಿ ವೀಣೆಯ ದನಿಗೆ ಅವರ ಮೂರು ಮಕ್ಕಳು ಮಲಗಿ ಎದ್ದು ದೊಡ್ಡವರಾಗುತ್ತಿದ್ದರು. ಇನ್ನು ಹೊರಡು ಎಂದು ದಾವಲನಿಗೆ ಯಾರೂ ಹೇಳಲಿಲ್ಲ.