ನಕ್ಷತ್ರ ಕೊಟ್ಟ ಮೊಬೈಲು

ಕಿಡ್ನಿ ಕೆಟ್ಟಿದ್ದ ಒಂಬತ್ತು ವರ್ಷದ ಶಾಲ್ಮಲಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ದಿನಕ್ಕೆ ನಾಲ್ಕೇ ಪುಟ್ಟ ಲೋಟ ನೀರು. ಕುಡಿದದ್ದನ್ನು ಅವಳೇ ಅಮ್ಮನ ಮೊಬೈಲಿನಲ್ಲಿ ಬರೆಯಬೇಕು. ನಾಲ್ಕು ದಾಟದಿದ್ದರೆ ಮೊಬೈಲು ಒಂದು ನಕ್ಷತ್ರ ಬೆಳಗಿಸುತ್ತಿತ್ತು.

"ಮೂರು ದಿನ, ಮೂರು ನಕ್ಷತ್ರ! ಇಂಥ ಜಾಣೆ ಎಲ್ಲಿದ್ದಾಳೆ?" ಎಂದು ಅಡುಗೆಮನೆ ಕಟ್ಟೆಯ ಮೇಲೆ ಮೊಬೈಲು ಬೀಗಿತು.

ಪಕ್ಕದಲ್ಲಿದ್ದ ಸ್ಟೀಲ್ ಲೋಟ ಹೇಳಿತು: "ಅಯ್ಯಾ, ಮೂರು ಲೋಟ ಎಂದು ಬರೆದ ದಿನ ಆ ಮಗು ನನ್ನಲ್ಲಿ ಏಳು ಸಲ ಕುಡಿದಿದೆ. ಅವಳಮ್ಮನಿಗೆ ತಿಳಿಸು."

"ನೀನು ಬರೀ ಪಾತ್ರೆ. ನನ್ನಲ್ಲಿ ಬರೆದದ್ದನ್ನು ಡಾಕ್ಟರೇ ನೋಡುತ್ತಾರೆ. ಸುಮ್ಮನಿರು."

ಮರುದಿನ ಶಾಲ್ಮಲಿಯ ಮುಖ ಊದಿಕೊಂಡಿತು, ಉಸಿರಾಡಲು ಕಷ್ಟವಾಯಿತು. ಆಸ್ಪತ್ರೆಯಲ್ಲಿ ತೂಕ ನೋಡಿದರೆ, ಮೈಯಲ್ಲಿ ನೀರು ತುಂಬಿ ಅದು ಏರಿತ್ತು; ನಿಜ ಹೊರಬಿತ್ತು. ಹಾಸಿಗೆಯಲ್ಲಿ ಮಲಗಿದ ಮಗು ಅಳುತ್ತಾ ಹೇಳಿತು: "ನಿಜ ಬರೆದಿದ್ರೆ ನಕ್ಷತ್ರ ಸಿಗ್ತಿರಲಿಲ್ಲ, ಅಮ್ಮಾ."

ಅಮ್ಮನ ಕೈಯಲ್ಲಿದ್ದ ಮೊಬೈಲಿಗೆ ತನ್ನ ಬೆಳಕೇ ಚುಚ್ಚಿತು. ಮನೆಗೆ ಬಂದಮೇಲೆ ಅದು ಲೋಟಕ್ಕೆ, "ನೀನು ಹೇಳಿದೆ, ನಾನು ಕೇಳಲಿಲ್ಲ" ಎಂದಿತು.

"ನನ್ನ ಮಾತು ಹಾಗಿರಲಿ," ಎಂದಿತು ಲೋಟ. "ಎಷ್ಟು ಕುಡಿದೆ ಎಂದು ಅವಳನ್ನು ದಿನಾ ಕೇಳುತ್ತಿದ್ದೆಯಲ್ಲ, ಬಾಯಾರಿತೇ ಕಂದಾ ಎಂದು ಒಂದು ದಿನವಾದರೂ ಕೇಳಿದ್ದುಂಟೇ?"