ಅಬ್ನೇರನ ದರ್ಶನ, ಲಿಡಿಯಾಳ ಮದುವೆ

ಮಲಪ್ರಭೆಯ ದಂಡೆಯ ಮೇಲೆ ಕೊಣ್ಣಾಪುರ ಅಂತ ಒಂದು ನೇಕಾರರ ಊರು. ಅಲ್ಲಿ ಮಾರ್ಥವ್ವ ಎಂಬ ವಿಧವೆ ಮಗ್ಗದಲ್ಲಿ ಕುಪ್ಪಸದ ಖಣ ನೇಯ್ದು ಬದುಕುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ಲಿಡಿಯಾ. ಮಕ್ಕಳೇ, ಆ ಹುಡುಗಿಯ ಕಂಠ ಎಂಥದು ಗೊತ್ತೇ? ಭಾನುವಾರ ಅವಳು ಹಾಡಲು ನಿಂತರೆ ರಸ್ತೆಯಲ್ಲಿ ಹೋಗುವವರೂ ಸೈಕಲ್ ನಿಲ್ಲಿಸಿ ಚರ್ಚಿನ ಕಿಟಕಿಗೆ ಕಿವಿ ಕೊಡುತ್ತಿದ್ದರು.

ಲಿಡಿಯಾಳಿಗೆ ಮದುವೆ ಗೊತ್ತಾಯಿತು. ವರನ ಹೆಸರು ಆಶೀರ್ವಾದ. ಪಕ್ಕದ ತಾಲೂಕಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಸದಾ ಗ್ರೀಸು, ಮುಖದಲ್ಲಿ ಸದಾ ನಗು. ಚರ್ಚಿನಲ್ಲಿ ಮದುವೆಯ ಪ್ರಕಟಣೆಯೂ ಆಯಿತು. ಮಾರ್ಥವ್ವ ಮನೆಮನೆಗೆ ಹೋಗಿ ಕರೆದು ಬಂದಳು.

ಆಗ ಒಂದು ದಿನ ಚರ್ಚಿನ ಸಭೆಯ ಪಾಲಕರಾದ ಸತ್ಯವಾನ ಅಯ್ಯನವರು ಅವಳ ಮನೆಗೆ ಬಂದರು. ಚಹಾ ಕುಡಿದು ಲೋಟ ಕೆಳಗಿಟ್ಟು ಹೇಳಿದರು:

"ಮಾರ್ಥವ್ವ, ಊರಿಗೆಲ್ಲ ಕರದಿ, ಒಡಹುಟ್ಟಿದ ತಂಗೀನ್ನ ಕರದಿಲ್ಲ. ಆ ಹಳೇ ಜಗಳ ಮನಸ್ಸಿನ್ಯಾಗ ಇಟ್ಕೊಂಡು ಮಗಳ ಮದುವಿ ಮಾಡಬ್ಯಾಡವ್ವ. ಒಬ್ಬಾಕೀನ ಹೋಗಾಕ ಆಗೂದಿಲ್ಲಂದ್ರ ನಾನೂ ಜೋಡಿ ಬರ್ತೀನಿ."

ಮಾರ್ಥವ್ವನಿಗೆ ಸಿಟ್ಟು ಬಂತು. "ನಮ್ಮ ಮನಿ ಮಾತು ನಿಮಗ್ಯಾಕ್ರಿ ಅಯ್ಯನವರೆ?" ಎಂದು ಎದ್ದು ಮಗ್ಗಕ್ಕೆ ಕೂತಳು. ಅಯ್ಯನವರು ಎದ್ದು ಹೊರಟರು.

ಅದೇ ವಾರ ಊರಿಗೆ ಅಬ್ನೇರ್ ಎಂಬ ಪ್ರವಾದಿ ಬಂದ. ಶಾಲೆಯ ಬಯಲಿನಲ್ಲಿ ಶಾಮಿಯಾನ, ದೊಡ್ಡ ದೊಡ್ಡ ಸ್ಪೀಕರು, ಜೊತೆಗೆ ಒಂದು ಹಾಡಿನ ತಂಡ. ಬಿಳಿ ಜುಬ್ಬಾ ತೊಟ್ಟ ಅಬ್ನೇರ್ ಕಣ್ಣು ಮುಚ್ಚಿ, "ಕರ್ತನು ನನಗೆ ತೋರಿಸುತ್ತಿದ್ದಾನೆ!" ಎಂದರೆ ಜನರ ಮೈ ಜುಮ್ಮೆನ್ನುತ್ತಿತ್ತು. ಅಯ್ಯನವರ ಮೇಲೆ ಮುನಿಸಿಕೊಂಡಿದ್ದ ಮಾರ್ಥವ್ವ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಲಿಡಿಯಾ ಅಲ್ಲಿಯೂ ಹಾಡಿದಳು. ಕೂಟ ಮುಗಿದ ಮೇಲೆ ಅಬ್ನೇರ್ ಮಾರ್ಥವ್ವನನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದ.

"ಸಹೋದರಿ, ನಿನ್ನ ಮಗಳ ಮದುವೆ ಕರ್ತನ ಚಿತ್ತವಲ್ಲ. ದರ್ಶನದಲ್ಲಿ ನೋಡಿದೆ. ಮದುವೆ ನಡೆದರೆ ಆ ಹುಡುಗ ವರ್ಷ ತುಂಬುವುದರೊಳಗೆ ಸಾಯುತ್ತಾನೆ. ನಿನ್ನ ಮಗಳು ನನ್ನ ತಂಡದಲ್ಲಿ ಹಾಡಲು ಹುಟ್ಟಿದವಳು. ಯಾರಿಗೂ ಹೇಳಬೇಡ. ಪಾಲಕರನ್ನು ಕೇಳಬೇಡ. ಸಂಶಯಪಟ್ಟರೆ ಪಾಪ."

ತಾನು ವಿಧವೆಯಾಗಿ ಪಟ್ಟ ಪಾಡು ಮಾರ್ಥವ್ವನಿಗೆ ಗೊತ್ತಿತ್ತು. ಮಗಳಿಗೂ ಅದೇ ಗತಿಯೇ? ಮನೆಗೆ ಬಂದವಳೇ, "ಮದುವಿ ಬ್ಯಾಡ. ನೀ ಆ ತಂಡದ ಜೋಡಿ ಹೋಗು" ಎಂದಳು. ಲಿಡಿಯಾ ಅತ್ತಳು, ಕಾಡಿದಳು, ಕಡೆಗೆ ತಾಯಿಯ ಬಾಯಿಂದ ಸಂಗತಿ ಹೊರಡಿಸಿದಳು.

ಕಣ್ಣೀರು ಒರೆಸಿಕೊಂಡು ಅವಳು ಕೇಳಿದಳು: "ಅವ್ವಾ, ಒಬ್ಬ ಮನಶ್ಯಾ ಸಾಯ್ತಾನಂತ ಗೊತ್ತಾದ ಮ್ಯಾಲೆ, ಅವಗ ಹೇಳದ ಸುಮ್ನ ಇರೂದು ಯಾವ ಧರ್ಮ?"

ಲಿಡಿಯಾ ನೆಟ್ಟಗೆ ಅಯ್ಯನವರ ಮನೆಗೆ ಹೋದಳು. ಅವರು ಎಲ್ಲವನ್ನೂ ಕೇಳಿ, "ನಾನೂ ಮುದುಕ ಆಗೇನಿ, ನನಗೂ ತಪ್ಪು ತಿಳೀಬಹುದು. ಆ ಹುಡುಗಗ ಹೇಳೋಣು. ನಿಮ್ಮವ್ವನ್ನೂ ಕರಕೊಂಡು ಎಲ್ಲಾರೂ ಕೂಡಿ ಹೋಗಿ ಪ್ರವಾದಿಯವರನ್ನ ಕೇಳೋಣು. ಪರೀಕ್ಷೆ ಮಾಡಿ ನೋಡ್ರಿ ಅಂತ ಸತ್ಯವೇದಾನ ಹೇಳೇತಿ" ಎಂದರು.

ಆಶೀರ್ವಾದ ಸುದ್ದಿ ಕೇಳಿ ಒಂದು ಕ್ಷಣ ಬಿಳಿಚಿಕೊಂಡ. ಆಮೇಲೆ, "ಹಂಗಾದ್ರ ಅವರ ಕಡೆನ ಪ್ರಾರ್ಥನೆ ಮಾಡಿಸ್ಕೊಂತೀನಿ ನಡೀರಿ" ಎಂದ.

ಭಾನುವಾರ ಆರಾಧನೆ ಮುಗಿಸಿ ಎಲ್ಲರೂ ಶಾಮಿಯಾನಕ್ಕೆ ಹೋದರು. ಜನ ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಆಶೀರ್ವಾದ ಮುಂದೆ, ಮಾರ್ಥವ್ವ, ಲಿಡಿಯಾ, ಅಯ್ಯನವರು ತುಸು ಹಿಂದೆ. ಅವನ ಸರದಿ ಬಂತು.

"ಸ್ವಾಮಿ, ನನ್ನ ಮದುವಿ ಐತ್ರಿ. ನನ್ನ ಸಲುವಾಗಿ ಪ್ರಾರ್ಥನೆ ಮಾಡ್ರಿ" ಎಂದು ಮೊಣಕಾಲೂರಿದ.

ಅಬ್ನೇರ್ ಅವನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಮೈಕಿನಲ್ಲಿ ಕೂಗಿ ಹೇಳಿದ: "ಕರ್ತನು ನನಗೆ ತೋರಿಸುತ್ತಿದ್ದಾನೆ! ಮಗನೇ, ನಿನಗೆ ದೀರ್ಘಾಯುಷ್ಯ! ಈ ಮದುವೆ ಪರಲೋಕದಲ್ಲೇ ಬರೆದದ್ದು! ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತೀ!"

ಮಾರ್ಥವ್ವ ಜನರನ್ನು ಸರಿಸಿ ಮುಂದೆ ಬಂದಳು.

"ಪ್ರವಾದಿಯವರೆ, ವರ್ಷದಾಗ ಸಾಯ್ತಾನ ಅಂದ್ರೆಲ್ಲ, ಅಂವನ ಇಂವ! ನನ್ನ ಅಳಿಯ! ಎರಡರಾಗ ದೇವರ ಮಾತು ಯಾವುದ್ರಿ?"

ಅಬ್ನೇರ್ ಒಮ್ಮೆ ತಡವರಿಸಿದ. ಆದರೆ ನಾಲಗೆ ಚುರುಕಾದ ಆಸಾಮಿ. "ಹೌದು ಸಹೋದರಿ! ಮರಣವೇ ಇತ್ತು! ನಾನು ಈಗ ಕೈಯಿಟ್ಟದ್ದರಿಂದ ಅದು ತೊಲಗಿತು!" ಎಂದ. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ಆಗ ಅಯ್ಯನವರು ಕೈಮುಗಿದು ಹೇಳಿದರು: "ಭಾಳ ಸಂತೋಷ ಆತ್ರಿ. ಸತ್ಯವೇದದಾಗ ಯೋನ ಪ್ರವಾದಿ ನಿನೆವೆ ಊರಿಗೆ ಹೇಳಿದ ಕೇಡೂ ಹಿಂಗ ತಪ್ಪಿತ್ತು. ಜನ ಪಶ್ಚಾತ್ತಾಪ ಪಟ್ರು, ದೇವರು ಕರುಣೆ ತೋರಿಸಿದ, ಊರು ಉಳೀತು. ಇನ್ನ ನಮ್ಮ ಹುಡುಗಿ ಮದುವಿ ಆಗಬಹುದಲ್ಲ?"

"ಇಲ್ಲ!" ಎಂದ ಅಬ್ನೇರ್. "ಅವಳು ನನ್ನ ತಂಡಕ್ಕೆ ಬರಲೇಬೇಕು. ಬರದಿದ್ದರೆ ಆ ಮರಣ ತಿರುಗಿ ಬರುತ್ತದೆ. ತಡೆದವರ ಮನೆಗೂ ಬರುತ್ತದೆ!"

ಚಪ್ಪಾಳೆ ತಟ್ಟಿದವರೂ ಹಿಂದೆ ಸರಿದರು. ಮಾರ್ಥವ್ವ ಮಾತ್ರ ಈ ಸಲ ಹೆದರಲಿಲ್ಲ.

"ಸಾಯ್ತಾನ ಅಂದ್ರೂ ನಿಮಗ ನನ್ನ ಮಗಳು ಬೇಕು, ಬದುಕ್ತಾನ ಅಂದ್ರೂ ನನ್ನ ಮಗಳು ಬೇಕು. ನಿಮ್ಮ ದರ್ಶನ ಎತ್ತಾಗ ತಿರುಗಿದ್ರೂ ಬಂದು ನಿಲ್ಲೂದು ನಮ್ಮ ಮನಿ ಬಾಗಲಕ್ಕ! ಒಬ್ಬ ಹುಡುಗನ ಸಾವು ಹೇಳಿದ್ರಿ. ಅವನ ಹೆಸರೇನಂತ ಒಮ್ಮೆರ ಕೇಳಿದ್ರ್ಯಾ?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಭಯ ಹಿಡಿದು ಕೂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಬ್ನೇರ್ ಶಪಿಸಿದ, ಮೈಕು ಕೈಬಿಟ್ಟ, ಗಂಟುಮೂಟೆ ಕಟ್ಟತೊಡಗಿದ. ಅಯ್ಯನವರು ಮಾತ್ರ ನಗಲಿಲ್ಲ. ಅವನ ಹತ್ತಿರ ಹೋಗಿ, "ತಮ್ಮಾ, ಊಟದ ಹೊತ್ತಾತು. ನಮ್ಮ ಮನಿಗೆ ಬಾ, ಉಂಡು ಹೋಗು" ಎಂದರು. ಅವನು ತಲೆಯೆತ್ತದೆ ಗಾಡಿ ಹತ್ತಿದ.

ದಾರಿಯಲ್ಲಿ ಮಾರ್ಥವ್ವ ಕೇಳಿದಳು: "ಅಯ್ಯನವರೆ, ಅವನ ಮಾತು ನಂಬಿದೆ, ನಿಮ್ಮ ಮಾತು ಯಾಕ ನನಗ ಕಹಿ ಆತ್ರಿ?"

"ಕಹಿ ಮಾತು ಅದವ್ವ. ನನಗೂ ಹೇಳಾಕ ಕಹಿನ ಇತ್ತು."

ಮಾರ್ಥವ್ವ ಮನೆಗೆ ಹೋಗಲಿಲ್ಲ. "ಜೋಡಿ ಬರ್ತೀನಿ ಅಂದಿದ್ರೆಲ್ಲ, ಬರ್ರಿ ಹಂಗಾದ್ರ" ಎಂದು ತಂಗಿಯ ಓಣಿಯತ್ತ ತಿರುಗಿದಳು. ಬಾಗಿಲು ತೆರೆದ ತಂಗಿ ಅಕ್ಕನನ್ನು ಕಂಡು ಹೊಸಿಲು ದಾಟಿ ಬಂದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಅಯ್ಯನವರು ಹೊರಗೆ ಕಟ್ಟೆಯ ಮೇಲೆ ಕೂತು, ಒಳಗಿನ ಅಳು ನಗುವಾಗುವ ತನಕ ಕಾದರು.

ಮದುವೆ ಭರ್ಜರಿಯಾಗಿಯೇ ನಡೆಯಿತು. ಆಶೀರ್ವಾದನ ಡಿಪೋದವರು ಒಂದು ಬಸ್ಸಿಗಾಗುವಷ್ಟು ಜನ ಬಂದಿದ್ದರು. ಲಿಡಿಯಾಳ ಚಿಕ್ಕಮ್ಮನೇ ಮುಂದೆ ನಿಂತು ಎಲ್ಲರ ಎಲೆಗೂ ಹುಗ್ಗಿ ಬಡಿಸಿದಳು. ಮದುಮಗಳು ತನ್ನ ಮದುವೆಯಲ್ಲಿ ತಾನೇ ಹಾಡುವುದುಂಟೆ ಅಂತ ಹಿರಿಯರು ಗೊಣಗಿದರು. ಲಿಡಿಯಾ ಕೇಳಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡು ಎದ್ದು ನಿಂತು ಹಾಡಿದಳು. ಆಶೀರ್ವಾದ ರಾಗ ತಪ್ಪಿ ಅವಳ ಜೊತೆಗೂಡಿದ. ಗೊಣಗಿದ ಹಿರಿಯರೂ ಕಡೆಗೆ ಚಪ್ಪಾಳೆ ತಟ್ಟಿದರು.

ನೀತಿ: ದೇವರ ಹೆಸರಿನಲ್ಲಿ ಬಂದ ಮಾತನ್ನೆಲ್ಲ ನಂಬಲೂ ಬೇಡಿ, ತಳ್ಳಲೂ ಬೇಡಿ, ಅದು ಕೊಡುವ ಫಲ ನೋಡಿ. ಸುಳ್ಳು ಪ್ರವಾದಿ ಗುಟ್ಟಿನಲ್ಲಿ ಹೆದರಿಸಿ ನಿಮ್ಮನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ನಿಜವಾದ ದೇವರ ಸೇವಕ ಕಹಿ ಮಾತನ್ನೂ ಮುಖಕ್ಕೇ ಹೇಳುತ್ತಾನೆ, ಜೊತೆಗೆ ನಡೆದು ಬರುತ್ತಾನೆ, ನಿಮ್ಮನ್ನು ದೇವರಿಗೂ ನಿಮ್ಮವರಿಗೂ ಹತ್ತಿರ ಮಾಡಿ ತಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಾನೆ.