ತಾವರೆ ಬಡಾವಣೆಯ ಸೈಟು

ಕುರುಚಲು ಗಿಡಗಳ ಕಾಡೊಂದನ್ನು ಕಣ್ಣಮುಂದೆ ತಂದುಕೊಳ್ಳಿ ಮಕ್ಕಳೇ. ಅದರ ನಡುವೆ ಒಂದು ಕೊಳ, ಕೊಳದ ಪಕ್ಕ ಒಂದು ದಿಬ್ಬ. ಬೇಸಿಗೆಯಾದ್ದರಿಂದ ಕೊಳದಲ್ಲಿ ಹನಿ ನೀರಿಲ್ಲ. ತಳವೆಲ್ಲ ಒಣಗಿ ಬಿರುಕು ಬಿಟ್ಟಿದೆ. ಇಷ್ಟು ಕಂಡಿತಲ್ಲ? ಹಾಗಾದರೆ ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಆ ಕಾಡಿನಲ್ಲಿ ಸೂಜಪ್ಪ ಎಂಬ ಮುಳ್ಳುಹಂದಿಗೆ ದೊಡ್ಡದೊಂದು ಬಿಲವಿತ್ತು. ಅದರ ಎರಡು ಮೂಲೆಗಳನ್ನು ಅವನು ಬಾಡಿಗೆಗೆ ಕೊಟ್ಟಿದ್ದ. ಒಂದರಲ್ಲಿ ಗುಡಾಣಯ್ಯ ಎಂಬ ಹೆಗ್ಗಣ. ಹೆಸರಿಗೆ ತಕ್ಕ ಹೊಟ್ಟೆ! ಇನ್ನೊಂದರಲ್ಲಿ ಸಾಸಿವಮ್ಮ ಎಂಬ ಚಿಟ್ಟಿಲಿ. ಇಬ್ಬರೂ ದುಡಿದು ತಂದ ಕಾಳಿನಲ್ಲಿ ಅರ್ಧ ಸೂಜಪ್ಪನ ಪಾಲಿಗೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಸೂಜಪ್ಪ ಮುಳ್ಳು ಝಾಡಿಸಿಕೊಂಡು ಬಂದ. "ನನ್ನ ಮಗ ಹೆಂಡತಿ ಕರ್ಕೊಂಡು ಬರ್ತಿದ್ದಾನೆ. ಮಳೆ ಹಿಡಿಯೋದರೊಳಗೆ ಇಬ್ಬರೂ ಜಾಗ ಖಾಲಿ ಮಾಡಿ" ಎಂದವನೇ ಹೊರಟುಹೋದ.

ಸಾಸಿವಮ್ಮ ಕಂಗಾಲಾದಳು. ಯಾಕೆ ಗೊತ್ತೇ? ಅವಳ ಹೊಟ್ಟೆಯಲ್ಲಿ ಮರಿಗಳಿದ್ದವು. ಇನ್ನೂ ಕಣ್ಣು ಬಿಡದ ಮರಿಗಳನ್ನು ಸುರಿಯುವ ಮಳೆಯಲ್ಲಿ ಎಲ್ಲಿ ಮಲಗಿಸುವುದು? ಬಾಡಿಗೆ ಕೊಟ್ಟು ಉಳಿದದ್ದು ಒಂದೇ ಒಂದು ಹಿಡಿ ಹುರುಳಿಕಾಳು. ಅದೇ ಅವಳ ಆಸ್ತಿ.

"ಹೋದರೆ ಹೋಗಲಿ ಬಿಡು!" ಎಂದ ಗುಡಾಣಯ್ಯ. ಅವನ ಬಳಿ ಒಂದು ಗುಂಡಿ ತುಂಬ ಕಡಲೆಕಾಯಿ ಇತ್ತು. "ಇನ್ನು ಯಾರ ಹಂಗೂ ಬೇಡ. ಕೊಂಡರೆ ಅರಮನೆಯಂಥ ಮನೇನೇ ಕೊಳ್ಳೋದು. ಈ ಸೂಜಪ್ಪ ಬಂದು ಬಾಯಿ ಬಿಟ್ಟುಕೊಂಡು ನೋಡಬೇಕು!"

"ಅರಮನೆ ನಿನಗಿರಲಿ ಮಾರಾಯ. ನನಗೆ ನೀರು ಬರದ ಒಂದು ಗೂಡು ಸಾಕು. ಆದರೆ ಅದು ನನ್ನದೇ ಆಗಿರಬೇಕು" ಎಂದಳು ಸಾಸಿವಮ್ಮ.

ಈ ಸುದ್ದಿ ತೂಗಣ್ಣನ ಕಿವಿಗೆ ಬಿತ್ತು. ತೂಗಣ್ಣ ಯಾರೆಂದರೆ, ಓತಿಕ್ಯಾತ. ಬೇಲಿಯ ಮೇಲೆ ಕುಳಿತು ಸುಮ್ಮಸುಮ್ಮನೆ ತಲೆ ತೂಗುತ್ತಿರುತ್ತದಲ್ಲ, ಅದೇ. ಅವನು ಒಣಗಿದ ಕೊಳದ ತಳದಲ್ಲಿ ಸಾಲಾಗಿ ಕಲ್ಲು ನೆಟ್ಟು, ಸೈಟು ಮಾಡಿ, ಅದಕ್ಕೆ 'ತಾವರೆ ಬಡಾವಣೆ' ಎಂದು ಹೆಸರಿಟ್ಟಿದ್ದ.

"ಬನ್ನಿ ಬನ್ನಿ! ಮಣ್ಣು ಎಷ್ಟು ಮೆದು ನೋಡಿ. ಸೈಟು ಎಷ್ಟು ಅಗಲ ನೋಡಿ. ಒಂದು ಹಿಡಿ ಕಾಳಿಗೆ ಇಂಥ ಜಾಗ ಇಡೀ ಕಾಡಲ್ಲಿ ಎಲ್ಲಿ ಸಿಗುತ್ತೆ?" ಎಂದ ತೂಗಣ್ಣ.

ಸಾಸಿವಮ್ಮನಿಗೂ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಆಸೆಯಾಯಿತು. ಕಾಳು ಕೊಡಲು ಕೈ ಮುಂದೆ ಮಾಡಿಯೂ ಬಿಟ್ಟಳು. ಆದರೂ ಒಂದು ಮಾತು ಕೇಳಿದಳು.

"ತೂಗಣ್ಣ, ಮಳೆಗಾಲದಲ್ಲಿ ಇಲ್ಲಿ ನೀರು ಬರಲ್ಲ ತಾನೇ?"

ತೂಗಣ್ಣ ತಲೆ ತೂಗಿದ.

"ಹಾಗಾದರೆ ನೀರು ಬರುತ್ತಾ?"

ತೂಗಣ್ಣ ಅದಕ್ಕೂ ತಲೆ ತೂಗಿದ.

"ಅಯ್ಯೋ, ಬರುತ್ತೋ ಬರಲ್ವೋ?"

ತೂಗಣ್ಣ ಇನ್ನೂ ಜೋರಾಗಿ ತಲೆ ತೂಗಿದ. ನಗಬೇಡಿ ಮಕ್ಕಳೇ, ಇಂಥವರು ಎಲ್ಲ ಕಡೆಯೂ ಇರುತ್ತಾರೆ.

ಸಾಸಿವಮ್ಮ ಮುಂದೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಬಗ್ಗಿ ನೆಲವನ್ನು ಕೆದಕಿದಳು. ಒಂದು ಚಿಪ್ಪು ಸಿಕ್ಕಿತು. ಇನ್ನಷ್ಟು ಕೆದಕಿದಳು. ಮತ್ತೆ ಚಿಪ್ಪು, ಜೊತೆಗೆ ಒಂದು ಮೀನಿನ ಮೂಳೆ!

"ಗುಡಾಣಯ್ಯ, ಇಲ್ಲಿ ನೋಡು. ನೀರಲ್ಲಿರೋ ಬಸವನಹುಳು, ಮೀನು! ನಮಗಿಂತ ಮುಂಚೆ ಈ ಸೈಟಲ್ಲಿ ಯಾರು ಸಂಸಾರ ಮಾಡಿದ್ರು ಅಂತ ಗೊತ್ತಾಯ್ತಾ?"

ಗುಡಾಣಯ್ಯ ಚಿಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಆಹಾ, ಎಷ್ಟು ಚೆನ್ನಾಗಿ ಹೊಳೆಯುತ್ತೆ! ಬಾಗಿಲಿಗೆ ಅಂಟಿಸಿದರೆ ಮನೆಗೆ ಕಳೆ ಬರುತ್ತೆ" ಎಂದ. ಗುಂಡಿಯಲ್ಲಿದ್ದ ಕಡಲೆಕಾಯಿಯನ್ನೆಲ್ಲ ತೂಗಣ್ಣನಿಗೆ ಸುರಿದು, ಕೊಳದ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡ ಸೈಟು ಕೊಂಡ.

ಸಾಸಿವಮ್ಮ ದಿಬ್ಬ ಹತ್ತಿದಳು. ಅಲ್ಲಿ ಲಕ್ಕಿ ಗಿಡದ ಬುಡದಲ್ಲಿ ಗೆದ್ದಲು ಬಿಟ್ಟುಹೋದ ಹಳೆಯ ಹುತ್ತವೊಂದಿತ್ತು. ತಲೆ ಕುಸಿದಿತ್ತು, ಮೈತುಂಬ ತೂತು. ಅದರ ಯಜಮಾನ ಮುದಿ ಉಡ ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ.

"ಉಡಜ್ಜ, ಮಳೆಗಾಲದಲ್ಲಿ ಇಲ್ಲಿಗೆ ನೀರು ಬರುತ್ತಾ?"

"ದೊಡ್ಡ ಮಳೆ ಬಂದ ವರ್ಷ ಅಗೋ, ಆ ಕೆಳಗಿನ ಬಂಡೆವರೆಗೂ ಬಂದಿತ್ತು. ಅಲ್ಲಿಂದ ಮೇಲಕ್ಕೆ ಬರಲಿಲ್ಲ. ನಾನು ಇಲ್ಲೇ ಕೂತು ನೋಡಿದೀನಿ" ಎಂದ ಉಡಜ್ಜ. "ಆದರೆ ಸೂರು ಬಿದ್ದಿದೆ ಮಗಳೇ, ಸುಳ್ಳು ಹೇಳಲ್ಲ. ನೋಡಿದವರೆಲ್ಲ ಬೇಡ ಅಂದಿದ್ದಾರೆ. ನಿನಗೆ ಬೇಕಿದ್ರೆ ಕೈಯಲ್ಲಿರೋ ಆ ಹಿಡಿ ಹುರುಳಿ ಕೊಟ್ಟು ತಗೋ."

ಸಾಸಿವಮ್ಮ ಒಳಗೆ ಹೋಗಿ ಗೋಡೆ ಗೀರಿ ನೋಡಿದಳು, ಹಲ್ಲಿನಿಂದ ಕಚ್ಚಿಯೂ ನೋಡಿದಳು. ಬುಡ ಕಲ್ಲಿನಷ್ಟು ಗಟ್ಟಿಯಾಗಿತ್ತು. ಹೊರಗೆ ಬಂದು ಹುರುಳಿ ಕೊಟ್ಟಳು.

ಮರುದಿನ ದಾರಿಯಲ್ಲಿ ಗುಡಾಣಯ್ಯ ಸಿಕ್ಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗಿ ಹೋಗಿ ಹುತ್ತ ಕೊಂಡ್ಯಾ? ನಾಳೆ ಹಾವು ಬಂದು ನಿನಗೆ ಬಾಡಿಗೆ ಕೊಡುತ್ತಾ?"

"ಹಾವಿನ ತಲೆ ಹಿಡಿಸೋ ತೂತನ್ನೆಲ್ಲ ಕಲ್ಲಿಟ್ಟು ಮುಚ್ಚಿದ್ದೀನಿ. ಉಳಿದಿರೋದು ನನ್ನ ಅಳತೆ ಬಾಗಿಲು ಮಾತ್ರ. ನೀನು ನಿನ್ನ ಮನೆ ನೋಡ್ಕೋ" ಎಂದಳು ಸಾಸಿವಮ್ಮ.

ಕೈಯಲ್ಲಿ ಈಗ ಒಂದು ಕಾಳೂ ಇರಲಿಲ್ಲ. ಆದರೂ ಅವಳು ಹೆದರಲಿಲ್ಲ. ಕುಂಬಾರ ಹುಳುವನ್ನು ಕರೆದು, "ನನ್ನ ಗೋಡೆಯ ಮೇಲೆ ಗೂಡು ಕಟ್ಟಿಕೋ, ಬದಲಿಗೆ ನನ್ನ ಸೂರು ಮೆತ್ತಿಕೊಡು" ಎಂದಳು. ಕುಂಬಾರ ಹುಳುವಿಗೆ ಅದೇ ಬೇಕಾಗಿತ್ತು. ಒರತೆಯ ಹತ್ತಿರದಿಂದ ಹಸಿಮಣ್ಣು ತಂದು ತಂದು ಸೂರು ಮೆತ್ತಿತು.

ಸೂರು ನಿಂತ ಮೇಲೆ ಅಳಿಲು ಜಿಗಿಯಕ್ಕ ಬಂದಳು. "ನನ್ನ ಕಾಯಿ ಕಸರು ಇಡೋಕೆ ಒಂದು ಒಣ ಕೋಣೆ ಇದೆಯಾ?" ಎಂದಳು. ಇತ್ತು! ಹುತ್ತದೊಳಗೆ ಕೋಣೆಗಳಿಗೆ ಬರವೇ? ಸಾಸಿವಮ್ಮ ತಾನು ಒಂದೇ ಕೋಣೆ ಇಟ್ಟುಕೊಂಡು ಪಕ್ಕದ್ದನ್ನು ಬಾಡಿಗೆಗೆ ಕೊಟ್ಟಳು. ಇಷ್ಟು ದಿನ ಬಾಡಿಗೆ ಕೊಟ್ಟೇ ಸೋತವಳು ಮೊದಲ ಬಾಡಿಗೆಯ ಕಾಳನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಎಣಿಸಿದಳು. ಅಳು ಬಂತು, ಆಮೇಲೆ ನಗು ಬಂತು.

ಆ ಕಾಳನ್ನು ತಿಂದು ತೇಗಲಿಲ್ಲ ಅವಳು. ಅದರಿಂದ ಇನ್ನೊಂದು ಕೋಣೆ ಸರಿ ಮಾಡಿಸಿದಳು. ಅಲ್ಲಿಗೆ ಹಾವುರಾಣಿಯೊಬ್ಬಳು ಬಾಡಿಗೆಗೆ ಬಂದಳು. ಹೆದರಬೇಡಿ, ಹೆಸರಲ್ಲಷ್ಟೇ ಹಾವು, ಅವಳು ನಾಲ್ಕು ಕಾಲಿನ ಹಲ್ಲಿಯ ಜಾತಿ. ಕಾಳು ಮತ್ತೆ ಕೂಡಿತು. ದಿಬ್ಬದ ಹಿಂದೆ ಉಡಜ್ಜನದೇ ಇನ್ನೊಂದು ಪಾಳು ಬಿಲ ಇತ್ತು, ಅದನ್ನೂ ಕೊಂಡಳು. ಅಷ್ಟರಲ್ಲಿ ಮರಿಗಳು ಹುಟ್ಟಿದವು. ಗುಲಾಬಿ ಬಣ್ಣದ, ಹೆಬ್ಬೆರಳಿಗಿಂತ ಚಿಕ್ಕ ಮರಿಗಳು.

ಗುಡಾಣಯ್ಯನ ಮನೆಯೂ ಮುಗಿಯಿತು. ದೊಡ್ಡ ಹಜಾರ, ಉದ್ದನೆಯ ಪಡಸಾಲೆ, ಬಾಗಿಲ ತುಂಬ ಬಸವನಹುಳುವಿನ ಚಿಪ್ಪು! ಗೃಹಪ್ರವೇಶಕ್ಕೆ ಕಾಡಿನವರನ್ನೆಲ್ಲ ಕರೆದ. ಸೂಜಪ್ಪನೂ ಬಂದ.

ಎಲ್ಲರೂ ಊಟಕ್ಕೆ ಕುಳಿತಿದ್ದರು. ಮೋಡ ಗುಡುಗಿತು. ಮಳೆ ಧೋ ಎಂದು ಸುರಿಯಿತು. ಕಾಡಿನ ನೀರೆಲ್ಲ ತನ್ನ ಹಳೆಯ ಮನೆ ಹುಡುಕಿಕೊಂಡು ಕೊಳಕ್ಕೆ ಬಂತು. ಪಡಸಾಲೆಯಲ್ಲಿ ನೀರು, ಹಜಾರದಲ್ಲಿ ನೀರು, ಎಲೆಯ ಮೇಲಿನ ಅನ್ನ ತೇಲಿಹೋಯಿತು. "ಅಯ್ಯಯ್ಯೋ!" ಎಂದು ನೆಂಟರು ದಿಕ್ಕಿಗೊಬ್ಬರು ಓಡಿದರು. ಗುಡಾಣಯ್ಯ ಕೆಸರಲ್ಲಿ ಒದ್ದಾಡಿ ದಡಕ್ಕೆ ಬಂದು ಬಿದ್ದ.

ಬೇಲಿಯ ಮೇಲೆ ತೂಗಣ್ಣ ಕುಳಿತಿದ್ದ.

"ಮೋಸಗಾರ! ನೀರು ಬರಲ್ಲ ಅಂದಿದ್ದೆಯಲ್ಲೋ!" ಎಂದು ಕಿರುಚಿದ ಗುಡಾಣಯ್ಯ.

"ಬಾಯಿ ಬಿಟ್ಟು ನಾನು ಹಾಗಂದೆನಾ?" ಎಂದ ತೂಗಣ್ಣ. ಮತ್ತೆ ತಲೆ ತೂಗುತ್ತ ಪೊದೆಯೊಳಗೆ ನುಸುಳಿದ. ಕಡಲೆಕಾಯಿ ಹೋಯಿತು, ಮನೆಯೂ ಹೋಯಿತು.

ಗುಡಾಣಯ್ಯ ಕಿವಿ ಜೋತುಹಾಕಿಕೊಂಡು ದಿಬ್ಬ ಹತ್ತಿದ. ನೀರು ಕೆಳಗಿನ ಬಂಡೆಯ ಹತ್ತಿರ ನಿಂತಿತ್ತು. ಹುತ್ತದ ಒಳಗೆ ಮರಿಗಳು ಬೆಚ್ಚಗೆ ಮಲಗಿದ್ದವು. ಚಿಕ್ಕ ಬಾಗಿಲಲ್ಲಿ ಅವನ ಮೂತಿ ಮಾತ್ರ ಹಿಡಿಸಿತು.

"ಸಾಸಿವಮ್ಮ, ನೀನು ತೋರಿಸಿದ ಚಿಪ್ಪನ್ನ ಬಾಗಿಲಿಗೆ ಅಂಟಿಸಿದ ಮೂರ್ಖ ನಾನು. ನನಗೆ ಒಂದು ಜಾಗ ಕೊಡ್ತೀಯಾ?"

ಸಾಸಿವಮ್ಮನಿಗೆ ಕೋಪವೂ ಬಂತು, ಕನಿಕರವೂ ಆಯಿತು. "ದಿಬ್ಬದ ಹಿಂದೆ ನನ್ನ ಇನ್ನೊಂದು ಬಿಲ ಇದೆ. ಪಾಳು ಬಿದ್ದಿದೆ, ನೀನೇ ಅಗೆದು ಸರಿ ಮಾಡ್ಕೋಬೇಕು. ಈ ಮಳೆಗಾಲಕ್ಕೆ ಬಾಡಿಗೆ ಬೇಡ, ಮುಂದಿನ ಸುಗ್ಗಿಯಿಂದ ಕೊಡಬೇಕು. ಒಪ್ಪಿಗೇನಾ?"

ಗುಡಾಣಯ್ಯ ಜೋರಾಗಿ ತಲೆ ತೂಗಿದ.

"ತಲೆ ತೂಗಬೇಡ ಮಾರಾಯ, ಬಾಯಿ ಬಿಟ್ಟು ಹೇಳು!"

"ಒಪ್ಪಿಗೆ ತಾಯಿ, ಒಪ್ಪಿಗೆ!" ಎಂದು ಅವನು ಕೂಗಿದ ಜೋರಿಗೆ ಮರಿಗಳೆಲ್ಲ ಎಚ್ಚರವಾದವು.

ಗುಡಾಣಯ್ಯ ದಿಬ್ಬದ ಹಿಂದಕ್ಕೆ ಹೋದ. ಬಿಲದೊಳಗೆ ಕಾಲಿಡುವ ಮೊದಲು ಬಗ್ಗಿ ನೆಲವನ್ನು ಚೆನ್ನಾಗಿ ಕೆದಕಿ ನೋಡಿದ. ಬಸವನಹುಳುವಿನ ಚಿಪ್ಪು ಒಂದೂ ಸಿಗಲಿಲ್ಲ.

ನೀತಿ: ಕೈಯಲ್ಲಿರುವುದು ಸ್ವಲ್ಪವೇ ಆದರೂ, ನೆಲವನ್ನು ಚೆನ್ನಾಗಿ ವಿಚಾರಿಸಿ ಚಿಕ್ಕದಾಗಿ ಆರಂಭಿಸಿದವರು ಬೆಳೆಯುತ್ತಾರೆ; ಜಂಬಕ್ಕೆ ಬಿದ್ದು ವಿಚಾರಿಸದೆ ಕೊಂಡವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ.